ಕಂಬದ ತುದಿಯಲ್ಲಿ ಅಕ್ಕ

ಫೆಬ್ರವರಿ 9

ಅಕ್ಕ,

ಹೋದ ತಿಂಗಳು ಬರೆಯಲಾಗಲಿಲ್ಲ. ಪಾರ್ಕಿಗೆ ಹೊಸ ಆಟವೊಂದು ಬಂದಿದೆ, ಅದನ್ನು ನಿಲ್ಲಿಸುವ ಗಡಿಬಿಡಿಯಲ್ಲಿದ್ದೆ. ಫಲಕದ ಮೇಲೆ ಏನೋ ಭಾರಿ ಹೆಸರು ಬರೆಸಿದ್ದಾರೆ. ಕೆಲಸದವರಾದ ನಾವು ಅದನ್ನು ಕರೆಯುವುದು ಕಂಬ ಎಂದು. ಇಪ್ಪತ್ತು ಅಂತಸ್ತಿನಷ್ಟು ಎತ್ತರದ ಉಕ್ಕಿನ ಕಂಬ, ಅದರ ಸುತ್ತ ಉಂಗುರದಂತೆ ಕುರ್ಚಿಗಳು. ಜನ ಹೊರಮುಖವಾಗಿ ಕೂರುತ್ತಾರೆ, ಕಾಲು ಗಾಳಿಯಲ್ಲಿರುತ್ತದೆ. ಉಂಗುರ ನಿಧಾನವಾಗಿ ತುದಿಗೇರಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಮೇಲೆ ಕಲ್ಲು ಬಿದ್ದ ಹಾಗೆ ಬೀಳುತ್ತದೆ. ಕೆಳಗೆ ಅಯಸ್ಕಾಂತಗಳಿವೆ, ಅವು ಹಿಡಿದು ನಿಲ್ಲಿಸುತ್ತವೆ. ಕರೆಂಟು ಹೋದರೂ ಅಯಸ್ಕಾಂತ ತನ್ನ ಕೆಲಸ ಬಿಡುವುದಿಲ್ಲ.

ಬೆಳಿಗ್ಗೆ ಗೇಟು ತೆರೆಯುವ ಮುಂಚೆ ಆಟ ನಡೆಸುವವನೇ ಒಬ್ಬನೇ ಕೂತು ಒಂದು ಸುತ್ತು ಹೋಗಿಬರಬೇಕು. ಇದು ನಮ್ಮಲ್ಲಿ ಮೊದಲಿನಿಂದಲೂ ಇರುವ ಪದ್ಧತಿ. ಚಕ್ರ, ದೋಣಿ, ರೈಲು ಎಲ್ಲ ನಡೆಸಿ ತಲೆ ನರೆತವನು ನಾನು. ಆದರೂ ಕಂಬದ ತುದಿಯಲ್ಲಿ ಖಾಲಿ ಕುರ್ಚಿಗಳ ನಡುವೆ ಕೂತಾಗ ಪ್ರತಿದಿನ ಹೊಸಬನ ಹಾಗೆ ನೋಡುತ್ತೇನೆ. ಊರು ಇಷ್ಟೇನಾ ಅನ್ನಿಸುತ್ತದೆ. ಅದೇ ಉಸಿರಿನಲ್ಲಿ, ಇಷ್ಟೊಂದು ಇದೆಯಾ ಎಂದೂ ಅನ್ನಿಸುತ್ತದೆ. ನಿನಗೆ ತೋರಿಸಬೇಕು. ಹದಿನೆಂಟು ವರ್ಷದಿಂದ ಕರೆಯುತ್ತಿದ್ದೇನೆ, ನೀನು ಒಮ್ಮೆಯೂ ಪಾರ್ಕಿನ ಗೇಟು ದಾಟಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಪಾರ್ಕಿನೊಳಗೆ ಬಿಯರ್ ಮಾರುವ ಯೋಚನೆ ನಡೆದಿದೆ. ಮ್ಯಾನೇಜರ್ ಹೇಳುವುದು ಇಷ್ಟು: "ಮಕ್ಕಳು ಆಟ ಆಡ್ತಾರೆ, ತಾಯಂದಿರು ಮಕ್ಕಳ ಹಿಂದೆ ಓಡ್ತಾರೆ, ಅಪ್ಪಂದಿರು ಬ್ಯಾಗ್ ಕಾಯ್ಕೊಂಡು ಆಕಳಿಸ್ತಾರೆ. ಅವರಿಗೂ ಏನಾದ್ರೂ ಕೊಡಬೇಕಲ್ವೇನ್ರೀ?" ಬೇರೆ ದೊಡ್ಡ ಪಾರ್ಕುಗಳಲ್ಲಿ ಕೊಡುತ್ತಾರಂತೆ, ಏನೂ ಆಗಿಲ್ಲವಂತೆ. ಸಭೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ನಾನು ಮುಖ ನೋಡಲು ಇರುವುದು ನೀನೊಬ್ಬಳೇ. ಅಪ್ಪನ ಬಾರನ್ನು ಇಷ್ಟು ವರ್ಷ ನಡೆಸಿಕೊಂಡು ಬಂದವಳು ನೀನು. ಹೇಳು, ಇದು ಸರಿಯಾ?

ನಿನ್ನ ತಮ್ಮ


ಫೆಬ್ರವರಿ 21

ಗಿರಿಗಿಟ್ಲೆ,

ನಿನ್ನ ಕಾಗದವನ್ನು ಗಿರಾಕಿಗಳೆದುರೇ ಓದಿದೆ. ಕಂಬದ ವಿಷಯ ಕೇಳಿ ಲಾರಿ ಡ್ರೈವರ್ ಹೇಳಿದ, "ಅಕ್ಕಾ, ಬೀಳೋದಕ್ಕೆ ದುಡ್ಡು ಕೊಡ್ತಾರಾ? ನಾನು ಇಲ್ಲಿಂದ ಮನೆಗೆ ಹೋಗೋವಾಗ ದಿನಾ ಪುಕ್ಕಟೆ ಬೀಳ್ತೀನಲ್ಲ!" ಮೇಷ್ಟ್ರು ನಕ್ಕು ನಕ್ಕು ಕೆಮ್ಮಿದರು. ಟೈಲರ್ ಮಾತ್ರ ನಗಲಿಲ್ಲ, ಅವನು ನಗುವುದು ಎರಡನೇ ಗ್ಲಾಸಿನ ನಂತರ.

ನೀನು ಕೇಳಿದ್ದಕ್ಕೆ ಉತ್ತರ: ಸರಿಯೇ. ಯಾಕೆ ಎಂದೂ ಹೇಳುತ್ತೇನೆ. ಕುಡಿಯುವವನು ನಿಮ್ಮ ಗೇಟಿನಲ್ಲಿ ಫಲಕ ಓದಿ ವಾಪಸ್ ಹೋಗುವವನಲ್ಲ. ನೀರಿನ ಬಾಟಲಿಯಲ್ಲಿ ಬೆರೆಸಿಕೊಂಡು ಬರುತ್ತಾನೆ. ಅವನು ಎಷ್ಟು ಕುಡಿದ ಎಂದು ನಿಮಗೆ ತಿಳಿಯುವುದಿಲ್ಲ. ಮಾರುವವರು ಇದ್ದರೆ ಎಣಿಸುವವರು ಇರುತ್ತಾರೆ. ನಾನು ಒಂದು ದಿನದಲ್ಲಿ "ಇವತ್ತಿಗೆ ಸಾಕು, ಏಳಿ" ಎಂದಷ್ಟು ಸಲ ನಿಮ್ಮ ಮ್ಯಾನೇಜರ್ ಜನ್ಮದಲ್ಲಿ ಬೇಡ ಎಂದಿರಲಿಕ್ಕಿಲ್ಲ. ಒಂದು ಗ್ಲಾಸಿಗೆ ಆಕಾಶ ಕಳಚಿ ಬೀಳುವುದಿಲ್ಲ ಕಣೋ. ಬಾರಿನಲ್ಲಿ ಹುಟ್ಟಿ ಬೆಳೆದ ನೀನೇ ಹೀಗೆ ಬೆಚ್ಚಿದರೆ ಹೇಗೆ?

ಇನ್ನೊಂದು ಸಂಗತಿಯಿದೆ, ಇದನ್ನು ಗಿರಾಕಿಗಳಿಗೆ ಓದಿ ಹೇಳಿಲ್ಲ. ನಮ್ಮ ಕಟ್ಟಡ ಮಾರಾಟವಾಗಿದೆ. ಕೊಂಡವರು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುತ್ತಾರಂತೆ. ಜುಲೈ ಕೊನೆಗೆ ಖಾಲಿ ಮಾಡಬೇಕು. ಅಡುಗೆಯವನಿಗೆ ಮೂರು ಮಕ್ಕಳು. ಗ್ಲಾಸು ತೊಳೆಯುವ ಮಾಮ ಅಪ್ಪನ ಕಾಲದವರು, ಅವರಿಗೆ ಹೋಗಲು ಬೇರೆ ಬಾಗಿಲಿಲ್ಲ. ಮೊನ್ನೆ ಪೇಪರಿನಲ್ಲಿ ನಿಮ್ಮ ಪಾರ್ಕಿನ ಟೆಂಡರ್ ನೋಡಿದೆ, ಬಿಯರ್ ಮಳಿಗೆ ನಡೆಸಲು ಅನುಭವ ಇದ್ದವರು ಬೇಕಂತೆ. ನಾನು ಅರ್ಜಿ ಹಾಕಿದ್ದೇನೆ.

ಈಗ ಗೊತ್ತಾಯಿತಲ್ಲ? ನೀನು ಸುಮ್ಮನಿದ್ದರೆ ಸಾಕು.

ಅಕ್ಕ


ಮಾರ್ಚ್ 5

ಅಕ್ಕ,

ಕಟ್ಟಡದ ಸುದ್ದಿ ಓದಿ ಎರಡು ದಿನ ಕೆಲಸದಲ್ಲಿ ಮನಸ್ಸಿರಲಿಲ್ಲ. ಅಪ್ಪ ಗಲ್ಲಾದ ಹಿಂದೆ ಕೂರುತ್ತಿದ್ದ ಆ ಎತ್ತರದ ಸ್ಟೂಲು ಕಣ್ಣಿಗೆ ಕಟ್ಟಿತು. "ಮಾರುವವನು ಮುಟ್ಟಬಾರದು" ಎಂದು ಅಪ್ಪ ಹೇಳಿದ ಒಂದೇ ಮಾತಿಗೆ ನೀನು ಇವತ್ತಿನವರೆಗೂ ಒಂದು ಹನಿ ನಾಲಿಗೆಗೆ ಸೋಕಿಸಿಲ್ಲ. ನಿನ್ನಂಥವಳು ನಡೆಸುವುದಾದರೆ ಯಾವ ಪಾರ್ಕಿಗೂ ಭಯವಿಲ್ಲ ಎಂದು ನನಗೂ ಗೊತ್ತು.

ಆದರೆ ಸುಮ್ಮನಿರುವುದು ನನ್ನ ಕೈಯಲ್ಲಿಲ್ಲ. ಇಂಥ ಬದಲಾವಣೆಗೆ ಸುರಕ್ಷತಾ ಸಮಿತಿಯ ಮೂವರೂ ಸಹಿ ಹಾಕಬೇಕು ಎಂದು ನಿಯಮವಿದೆ. ಒಬ್ಬರು ಹಾಕದಿದ್ದರೂ ಆಗುವುದಿಲ್ಲ. ಮೂವರಲ್ಲಿ ನಾನೊಬ್ಬ. ಇನ್ನಿಬ್ಬರು ಒಪ್ಪಿದ್ದಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮೇ ತಿಂಗಳವರೆಗೆ ಪ್ರಯೋಗ ಮಾಡಿ ನೋಡೋಣ ಎಂದೆ. ಒಪ್ಪಿದರು.

ನನ್ನ ಅಂಜಿಕೆ ಏನೆಂದು ಹೇಳುತ್ತೇನೆ. ಕಂಬ ಹತ್ತುವ ಮುಂಚೆ ಎಲ್ಲರೂ ಚಪ್ಪಲಿ, ಬೂಟು ಬಿಚ್ಚಿಡಬೇಕು, ಇಲ್ಲದಿದ್ದರೆ ಮೇಲಿಂದ ಬೀಳುತ್ತವೆ. ಅವರು ಬಾಗಿ ಬಿಚ್ಚುವಾಗ ನಾವು ನೋಡುತ್ತಿರುತ್ತೇವೆ. ಬಾಗಿದವರು ಹೇಗೆ ಏಳುತ್ತಾರೆ, ಏನನ್ನು ಹಿಡಿದು ಏಳುತ್ತಾರೆ. ಅಷ್ಟರಲ್ಲಿ ತಿಳಿಯುತ್ತದೆ, ತಲೆ ತಿರುಗುವವರು ಯಾರು, ಜ್ವರ ಇರುವವರು ಯಾರು, ಬಸುರಿಯಾಗಿದ್ದು ಹೇಳದಿರುವವರು ಯಾರು. ನಮ್ಮ ಪರೀಕ್ಷೆಯೆಂದರೆ ಇದೊಂದೇ. ಯಂತ್ರವನ್ನು ನಾನು ನಂಬುತ್ತೇನೆ. ಅದರಲ್ಲಿ ಕೂರುವ ಮನುಷ್ಯನನ್ನು ಈ ಒಂದು ಬಾಗುವಿಕೆಯಲ್ಲಿ ಅಳೆಯಬೇಕು. ಅವನೊಳಗೆ ಒಂದು ಗ್ಲಾಸಿದ್ದರೆ ನನ್ನ ಕಣ್ಣಿಗೆ ಕಾಣುತ್ತದೆಯೇ ಎಂಬುದೇ ಪ್ರಶ್ನೆ.

ನಿನ್ನ ತಮ್ಮ


ಮಾರ್ಚ್ 14

ತಮ್ಮಾ,

ನಿನ್ನ ಕಣ್ಣಿನ ಪರೀಕ್ಷೆಗೆ ನನ್ನ ಹೊಟ್ಟೆಪಾಡು ಸಿಕ್ಕಿತೇ?

ಟೆಂಡರಿನವರು ಪ್ರಾಥಮಿಕ ಪಟ್ಟಿಯಲ್ಲಿ ನನ್ನ ಹೆಸರು ಇಟ್ಟಿದ್ದಾರೆ. ಮಾಮನಿಗೆ ಹೇಳಿದೆ. ಅವರು ತೊಳೆಯುತ್ತಿದ್ದ ಗ್ಲಾಸು ಕೆಳಗಿಟ್ಟು ಕೈ ಮುಗಿದರು. ಯಾರಿಗೆ ಮುಗಿದರೋ ಗೊತ್ತಿಲ್ಲ, ಎದುರಿಗೆ ಇದ್ದದ್ದು ನಲ್ಲಿ.

ಇನ್ನು ಈ ವಿಷಯ ಬರೆಯಬೇಡ. ಸಹಿ ಹಾಕಿದ ದಿನ ಬರೆ.

ಅಕ್ಕ


ಏಪ್ರಿಲ್ 24

ಅಕ್ಕ,

ಇದು ನಿನ್ನ ಮೌನಕ್ಕೆ ನಾನು ಬರೆಯುತ್ತಿರುವ ಮೂರನೆಯ ಕಾಗದ. ಬರೆಯಬೇಡ ಎಂದಿದ್ದೆ ನೀನು, ಆದರೂ ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಪ್ರಯೋಗ ಶುರುವಾಗಿ ಮೂರು ವಾರವಾಯಿತು. ಸದ್ಯಕ್ಕೆ ಪಾರ್ಕಿನವರೇ ಕೊಳದ ಪಕ್ಕ ಬಿಯರ್ ಮಳಿಗೆ ಹಾಕಿದ್ದಾರೆ. ಗಲಾಟೆ ಆಗಿಲ್ಲ, ಬಿದ್ದವರಿಲ್ಲ, ವಾಂತಿ ಮಾಡಿದವರು ಮೊದಲಿನಷ್ಟೇ. ನಿನ್ನ ಮಾತು ನಿಜವೆಂದೇ ಒಪ್ಪಿಕೊಳ್ಳುತ್ತಿದ್ದೆ.

ಮೊನ್ನೆ ಸಂಜೆ ಒಬ್ಬರು ತಮ್ಮ ಮಗಳ ಜೊತೆ ಬಂದರು. ನನ್ನದೇ ವಯಸ್ಸಿರಬೇಕು. ಬೂಟಿನ ದಾರ ಬಿಚ್ಚಲು ಬಾಗಿದವರಿಗೆ ಗಂಟು ಸಿಗಲಿಲ್ಲ. ಬೆರಳು ನಡುಗುತ್ತಿತ್ತು. ಏಳುವಾಗ ಕಂಬಿ ಹಿಡಿದರು. ಏನೋ ಹೇಳಿದರು, ಮಾತು ತೊದಲಿತು. ನಾನು ಕೇಳಿದೆ, "ಸಾರ್, ಕುಡಿದಿದ್ದೀರಾ?"

ಸಾಲು ಪೂರ್ತಿ ಅವರನ್ನೇ ನೋಡಿತು. ಆ ಹುಡುಗಿ ಅಪ್ಪನ ಮುಂದೆ ಬಂದು ನಿಂತಳು. "ಅಪ್ಪ ಕುಡಿಯಲ್ಲ. ಅವರಿಗೆ ನರದ ಕಾಯಿಲೆ. ನಾನು ಹತ್ತೋದನ್ನ ಹತ್ತಿರದಿಂದ ನೋಡಬೇಕು ಅಂತ ಬಂದಿದ್ದಾರೆ, ಅಷ್ಟೇ," ಎಂದಳು. ಅವರು ಬೂಟು ಬಿಚ್ಚುತ್ತಿದ್ದದ್ದು ಯಾಕೆ ಗೊತ್ತಾ? ಕಂಬದ ಬುಡದ ಕಟ್ಟೆಯ ಮೇಲೆ ಬರುವವರೆಲ್ಲ ಬಿಚ್ಚಬೇಕು ಎಂದು ಬರೆದಿದೆ. ಅದಕ್ಕೆ ಬಿಚ್ಚುತ್ತಿದ್ದರು.

ಮೂರು ವಾರದ ಹಿಂದಾಗಿದ್ದರೆ ನಾನು "ಹುಷಾರಿದ್ದೀರಾ ಸಾರ್?" ಎಂದು ಕೇಳುತ್ತಿದ್ದೆ. ಹದಿನೆಂಟು ವರ್ಷ ಅದನ್ನೇ ಕೇಳಿದವನು. ಕೊಳದ ಪಕ್ಕ ಒಂದು ಮಳಿಗೆ ಬಂತು, ನನ್ನ ಬಾಯಿಯಲ್ಲಿ ಪ್ರಶ್ನೆಯೇ ಬದಲಾಯಿತು. ಅಪಘಾತ ಆಗಿಲ್ಲ ಎಂದು ಮ್ಯಾನೇಜರ್ ದಿನಾ ವರದಿ ಬರೆಯುತ್ತಾರೆ. ಇದನ್ನು ಯಾವ ಕಲಮಿನಲ್ಲಿ ಬರೆಯುತ್ತಾರೋ.

ಕ್ಷಮೆ ಕೇಳಿದೆ. ಅವರು ನಕ್ಕು, "ಬಿಡಿ, ನಿಮ್ಮ ಕೆಲಸ ನೀವು ಮಾಡಿದ್ರಿ," ಎಂದರು. ಹುಡುಗಿ ಹತ್ತಲಿಲ್ಲ.

ನಿನ್ನ ತಮ್ಮ


ಮೇ 7

ಅಕ್ಕಾ!

ನಿನ್ನೆಯಿಂದ ನೆಲದ ಮೇಲೆ ಕಾಲಿಲ್ಲ. ನೀನು ಬಂದೆ! ಒಂದು ಕಾಗದವಿಲ್ಲ, ಒಂದು ಫೋನಿಲ್ಲ, ಟಿಕೆಟ್ ಕೊಂಡು ಸಾಲಿನಲ್ಲಿ ನಿಂತು ಬಂದೆಯಲ್ಲ! ಕೂತವರನ್ನು ಹಿಡಿದಿಡುವ ಅಡ್ಡಪಟ್ಟಿ ಎಳೆದು ನೋಡುತ್ತ ಬರುತ್ತಿದ್ದವನಿಗೆ ಮುಂದಿನ ಕುರ್ಚಿಗೆ ನಡೆದುಬರುತ್ತಿದ್ದವಳು ನೀನೆಂದು ಗೊತ್ತಾಗಲು ಒಂದು ಕ್ಷಣ ಬೇಕಾಯಿತು. ನಾನು ಕೂಗಿದ್ದಕ್ಕೆ ನನ್ನ ಜೊತೆ ಕೆಲಸ ಮಾಡುವ ಹುಡುಗಿ ಏನೋ ಅನಾಹುತವಾಯಿತೆಂದು ಆಟ ನಿಲ್ಲಿಸುವ ಕೆಂಪು ಗುಂಡಿಯ ಮೇಲೆ ಕೈ ಇಟ್ಟಿದ್ದಳು.

ನಿನ್ನ ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. ಎರಡು ತಿಂಗಳ ಮುನಿಸು ಕರಗಿದರೆ ಮುಖ ಹಾಗೇ ಆಗುತ್ತದೆ. ಚಪ್ಪಲಿ ಬಿಚ್ಚಲು ಬಾಗಿ ನೀನು ವಾಲಿದಾಗ ನಿನ್ನ ಮಂಡಿನೋವು ನೆನಪಾಗಿ ನಾನೇ ಕೂತು ಬಿಚ್ಚಿದೆ. "ನನ್ನ ತಮ್ಮ ಕಣ್ರೀ, ಇಡೀ ಕಂಬ ಇವನದೇ!" ಎಂದು ಪಕ್ಕದ ಕುರ್ಚಿಯ ಹೆಂಗಸಿಗೆ ಹೇಳಿ ನಕ್ಕೆಯಲ್ಲ, ನೀನು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಚಿಕ್ಕಂದಿನಲ್ಲೂ ಕೇಳಿಲ್ಲ.

ಉಂಗುರ ಬಿದ್ದಾಗ ಎಲ್ಲರೂ ಕಿರುಚಿದರು, ನೀನು ಕಿರುಚಲಿಲ್ಲ. ಕೆಳಗಿಳಿದಾಗ ಹೋದ ಹಾಗೇ ಬಂದೆ, ಬಸ್ಸಿನಿಂದ ಇಳಿದವರ ಹಾಗೆ. ಸಾವಿರಾರು ಜನರನ್ನು ಇಳಿಸಿದ್ದೇನೆ. ಅಷ್ಟು ನೆಮ್ಮದಿಯ ಮುಖ ನೋಡಿಲ್ಲ.

ರಾತ್ರಿ ಯೋಚಿಸಿದೆ. ಇಷ್ಟು ಗಟ್ಟಿ ಜೀವ ಮಳಿಗೆ ನಡೆಸುವುದಾದರೆ ನನಗೇಕೆ ಅಂಜಿಕೆ? ಆ ನಡುಗುವ ಕೈಯವರ ವಿಷಯದಲ್ಲಿ ತಪ್ಪು ನನ್ನದು, ಬಿಯರಿನದಲ್ಲ. ಮೇ ಇಪ್ಪತ್ತೈದಕ್ಕೆ ಸಮಿತಿ ಸೇರುತ್ತದೆ. ಸಹಿ ಹಾಕುತ್ತೇನೆ. ಮಾಮನಿಗೆ ಹೇಳು.

ನಿನ್ನ ತಮ್ಮ


ಮೇ 14

ಗಿರಿಗಿಟ್ಲೆ,

ಮಾಮನಿಗೆ ಹೇಳಲಿಲ್ಲ. ಇದನ್ನು ಕೂತು ಓದು.

ಅವತ್ತು ನಾನು ಕಂಬಕ್ಕೆ ಬರುವ ಮುಂಚೆ ಕೊಳದ ಪಕ್ಕದ ಮಳಿಗೆಗೆ ಹೋಗಿದ್ದೆ. ಒಂದು ದೊಡ್ಡ ಗ್ಲಾಸ್ ಬಿಯರ್ ತೆಗೆದುಕೊಂಡು ಪೂರ್ತಿ ಕುಡಿದೆ. ಜೀವಮಾನದಲ್ಲಿ ಮೊದಲ ಸಲ. ಇಷ್ಟು ವರ್ಷ ಅಳೆದು ಕೊಟ್ಟವಳಿಗೆ ಅದರ ರುಚಿ ಕಹಿ ಎಂದೂ ಗೊತ್ತಿರಲಿಲ್ಲ.

ಉದ್ದೇಶ ಸರಳವಾಗಿತ್ತು. ಕುಡಿದು ಹತ್ತಬೇಕು, ಇಳಿದು ನಿನ್ನ ಮುಂದೆ ನಿಂತು ಹೇಳಬೇಕು: "ನೋಡೋ, ಒಂದು ಗ್ಲಾಸ್ ಕುಡಿದೇ ಹತ್ತಿದ್ದೆ, ಏನಾಯ್ತು? ಹಾಕು ಸಹಿ." ನೀನು ಕಂಡುಹಿಡಿಯುತ್ತೀಯ ಎಂಬ ಭಯವಿತ್ತು. ನನ್ನ ಮುಖ ಕಾದಿತ್ತು, ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ನನ್ನ ಬಾರಿನಲ್ಲಿ ಅಂಥ ಹೆಂಗಸನ್ನು ನೋಡಿದ್ದರೆ ನಾನು ನೀರು ಕೊಟ್ಟು ಮನೆಗೆ ಕಳಿಸುತ್ತಿದ್ದೆ. ನೀನು ಬಾಗಿ ನನ್ನ ಚಪ್ಪಲಿ ಬಿಚ್ಚಿದೆ. ಅಕ್ಕ ಮುಟ್ಟುವುದಿಲ್ಲ ಎಂದು ನಿನಗೆ ಗೊತ್ತಿತ್ತಲ್ಲ, ಹಾಗಾಗಿ ನಿನಗೆ ಕಂಡದ್ದು ಮಂಡಿನೋವು. ಕುಡಿಯದವರಲ್ಲಿ ಕುಡಿತ ಕಂಡೆ, ಕುಡಿದವಳಲ್ಲಿ ಪ್ರೀತಿ ಕಂಡೆ. ನಿನ್ನನ್ನು ಬೈಯುತ್ತಿಲ್ಲ. ಯಾರ ಕಣ್ಣಾದರೂ ಅಷ್ಟೇ.

ಹೇಳಬೇಕಾದ ವಿಷಯ ಮುಂದಿದೆ.

ಮೇಲೆ ಹೋದೆ. ಬಿದ್ದೆ. ಇಳಿದೆ. ಏನೂ ಆಗಲಿಲ್ಲ. ನಾನು ಸಾಬೀತು ಮಾಡಲು ಬಂದದ್ದು ಅದನ್ನೇ. ಆದರೆ ನನ್ನ ಪಕ್ಕ ಕೂತಿದ್ದ ಆ ಹೆಂಗಸಿಗೆ ಇಳಿದ ಮೇಲೆ ನಿಲ್ಲಲಾಗಲಿಲ್ಲ. ನನ್ನ ತೋಳು ಹಿಡಿದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. "ನೋಡಿದ್ರಾ? ಅಕ್ಕಾ, ನೋಡಿದ್ರಾ?" ಎಂದು ಕೇಳುತ್ತಲೇ ಇದ್ದಳು. ನಾನು ಹೂಂ ಎಂದೆ. ನಾನು ಏನನ್ನೂ ನೋಡಿರಲಿಲ್ಲ. ಅವಳ ಪಕ್ಕದಲ್ಲೇ ಕೂತು, ಅಷ್ಟೇ ಎತ್ತರ ಹೋಗಿ, ಕಣ್ಣು ಬಿಟ್ಟುಕೊಂಡೇ ಇದ್ದೆ. ಏನಿತ್ತು ಅಲ್ಲಿ?

ಬಸ್ ಹಿಡಿಯಲಿಲ್ಲ. ಲಾಡ್ಜಿನಲ್ಲಿ ಉಳಿದೆ. ಮರುದಿನ ಮಾತ್ರ ನಿನಗೆ ಮಧ್ಯಾಹ್ನದ ಪಾಳಿ ಎಂದಿದ್ದೆಯಲ್ಲ, ಬೆಳಿಗ್ಗೆ ಗೇಟು ತೆರೆದ ಕೂಡಲೇ ಮತ್ತೆ ಬಂದೆ. ಕಟ್ಟೆಯ ಮೇಲೆ ಆ ಕೆಂಪು ಗುಂಡಿಯ ಹುಡುಗಿ ಇದ್ದಳು. ಬರೀ ಹೊಟ್ಟೆ, ಒಂದು ಲೋಟ ಚಹಾ. ಚಪ್ಪಲಿ ನಾನೇ ಬಿಚ್ಚಿದೆ. ಅಡ್ಡಪಟ್ಟಿ ಎಳೆದು, "ಆಂಟಿ, ಹುಷಾರಿದ್ದೀರಾ?" ಎಂದಳು. ತಲೆಯಾಡಿಸಿದೆ.

ತಮ್ಮಾ, ಅದು ಏರುತ್ತದೆ. ಹಿಂದಿನ ದಿನವೂ ಏರಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಮೊದಲು ಸದ್ದು ಹೋಗುತ್ತದೆ. ಮಕ್ಕಳ ಕೂಗು, ಸಂಗೀತ, ಪಾಪ್‌ಕಾರ್ನ್ ಯಂತ್ರ, ಎಲ್ಲ ಒಂದೊಂದಾಗಿ ಕೆಳಗೇ ಉಳಿದುಬಿಡುತ್ತವೆ. ಆಮೇಲೆ ಗಾಳಿ ಅಂಗಾಲಿಗೆ ತಾಗುತ್ತದೆ. ಬರಿಗಾಲಿನ ಕೆಳಗೆ ಏನೂ ಇಲ್ಲ ಎಂದು ಕಾಲಿಗೆ ಗೊತ್ತಾಗುತ್ತದೆ, ತಲೆಗಿಂತ ಮೊದಲು. ಅಡ್ಡಪಟ್ಟಿಯನ್ನು ನಾನು ಹಿಡಿದಿದ್ದೆನೋ ಅದು ನನ್ನನ್ನು ಹಿಡಿದಿತ್ತೋ. ಮಹಡಿಗಳ ಮೇಲೆ ಒಣಗಲು ಹಾಕಿದ ಬಟ್ಟೆಗಳು ಕಂಡವು. ಅವುಗಳಾಚೆ ಇನ್ನಷ್ಟು ಮಹಡಿಗಳು, ಅವುಗಳ ಆಚೆಗೂ. ಒಂದೊಂದರ ಕೆಳಗೆ ಯಾರೋ ಎದ್ದು ಹಲ್ಲುಜ್ಜುತ್ತಿರುತ್ತಾರೆ ಎಂದು ಅನ್ನಿಸಿತು.

ತುದಿಯಲ್ಲಿ ನಿಂತಾಗ ಹದ್ದೊಂದು ನನ್ನ ಕಾಲಿನ ಕೆಳಗೆ ಹಾದುಹೋಯಿತು. ಐವತ್ತೆರಡು ವರ್ಷ ಹದ್ದಿನ ಹೊಟ್ಟೆಯನ್ನು ನೋಡಿದ್ದೇನೆ. ಅದಕ್ಕೆ ಬೆನ್ನೂ ಇದೆ. ರೆಕ್ಕೆ ಬಡಿಯದೆ ಬೆನ್ನು ತೋರಿಸಿಕೊಂಡು ಹೋಯಿತು, ಬಿಸಿಲು ಅದರ ಬೆನ್ನಿನ ಮೇಲೆ ಬಿದ್ದಿತ್ತು. ಹೆದರಿಕೆಯಾಗಿತ್ತು. ಆದರೂ ಇಳಿಸು ಅನ್ನಿಸಲಿಲ್ಲ. ಇನ್ನು ಸ್ವಲ್ಪ ಇರಲಿ, ಇನ್ನು ಸ್ವಲ್ಪ ಅನ್ನಿಸಿತು. ಅಷ್ಟರಲ್ಲಿ ಬಿಟ್ಟುಬಿಟ್ಟಿತು. ನಾನು ಕಿರುಚಿದ್ದು ನಿಮ್ಮ ಆಫೀಸಿಗೂ ಕೇಳಿರಬೇಕು.

ಇಳಿದು ಆ ಹುಡುಗಿಯ ಕೈ ಹಿಡಿದು, "ನೋಡಿದ್ಯಾ?" ಎಂದೆ. ಪಾಪ, ಅವಳು ಕೆಳಗೇ ನಿಂತಿದ್ದಳು.

ನನ್ನ ಬಾರಿಗೆ ಜನ ಯಾಕೆ ಬರುತ್ತಾರೆ ಎಂದು ನನಗೆ ಗೊತ್ತು. ದಿನದ ಚೂಪು ಸ್ವಲ್ಪ ಮೊಂಡಾಗಲಿ ಎಂದು ಬರುತ್ತಾರೆ. ಅದು ತಪ್ಪಲ್ಲ, ಕೆಲವು ದಿನಗಳಿಗೆ ಅದು ಬೇಕು. ಲಾರಿ ಡ್ರೈವರಿಗೆ ಬೇಕು, ಹೆಂಡತಿ ಸತ್ತ ಟೈಲರಿಗೆ ಬೇಕು. ನಾನು ನಾಚಿಕೆಪಡದೆ ಮಾರಿದ್ದೇನೆ. ಆದರೆ ಜನ ನಿಮ್ಮ ಗೇಟಿನೊಳಗೆ ಬರುವುದು ಚೂಪಿಗಾಗಿಯೇ. ಅದಕ್ಕಾಗಿ ಸಾಲಿನಲ್ಲಿ ನಿಲ್ಲುತ್ತಾರೆ. ಅಂಥವರಿಗೆ ಸಾಲಿನ ಮೊದಲಲ್ಲೇ ನಾನು ಮೊಂಡು ಮಾಡುವ ಸರಕು ಮಾರಿದರೆ, ಅವರು ಹೋಗಿ ಬಂದು "ಏನೂ ಆಗಲಿಲ್ಲ" ಎನ್ನುತ್ತಾರೆ. ಅಪಘಾತವಾಗುವುದಿಲ್ಲ. ಯಾರೂ ದೂರು ಕೊಡುವುದಿಲ್ಲ. ಕಳೆದುಕೊಂಡದ್ದು ಏನೆಂದು ಅವರಿಗೆ ಗೊತ್ತೇ ಆಗುವುದಿಲ್ಲ. ಅಪ್ಪನಾದವನು ಮಗುವಿನ ಪಕ್ಕದಲ್ಲೇ ಕೂತಿರುತ್ತಾನೆ. ಮಗು "ಅಪ್ಪಾ, ನೋಡಿದ್ಯಾ?" ಎನ್ನುತ್ತದೆ. ಅವನು ನನ್ನ ಹಾಗೆ ಹೂಂ ಎನ್ನುತ್ತಾನೆ.

ಅರ್ಜಿ ವಾಪಸ್ ಪಡೆದಿದ್ದೇನೆ. ನೀನು ನನ್ನ ಮುಖ ನೋಡಿ ಸಹಿ ಹಾಕಬೇಡ. ಆ ಮುಖದ ನೆಮ್ಮದಿ ಏನೆಂದು ಈಗ ಗೊತ್ತಾಯಿತಲ್ಲ.

ಅಕ್ಕ


ಮೇ 28

ಅಕ್ಕ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ನಿನ್ನ ಚಪ್ಪಲಿ ಬಿಚ್ಚಿದ ನನ್ನ ಕೈಯನ್ನೇ ನೋಡಿಕೊಂಡೆ. ಎರಡನೇ ಸಲ, ಏನಾದರೂ ಆಗಿದ್ದರೆ ಎಂದು ಬೆವರಿದೆ. ಮೂರನೇ ಸಲ ಓದಿ ಕಾಗದ ಜೇಬಿನಲ್ಲಿಟ್ಟುಕೊಂಡೇ ಬೆಳಗಿನ ಖಾಲಿ ಸುತ್ತಿಗೆ ಹೋದೆ. ನೂರು ಸಲ ಹೋದವನು ಹದ್ದಿಗೆ ಬೆನ್ನಿದೆ ಎಂದು ಯೋಚಿಸಿರಲಿಲ್ಲ.

ಇಪ್ಪತ್ತೈದಕ್ಕೆ ಸಮಿತಿ ಸೇರಿತು. ಸಹಿ ಹಾಕುವುದಿಲ್ಲ ಎಂದೆ. ಮ್ಯಾನೇಜರ್ ಕನ್ನಡಕ ತೆಗೆದರು. "ನಿಮ್ಮಕ್ಕನೇ ಬಾರ್ ನಡೆಸ್ತಾರಂತಲ್ರೀ. ಮನೇಲಿ ಮಾರಾಟ, ಇಲ್ಲಿ ಉಪದೇಶನಾ?"

"ಉಪದೇಶ ಅಲ್ಲ ಸಾರ್. ಬೇಡ ಅಂದಿದ್ದೇ ಅಕ್ಕ. ಟೆಂಡರ್ ಪಟ್ಟಿಯಲ್ಲಿ ಅವರ ಹೆಸರಿತ್ತು, ವಾಪಸ್ ತಗೊಂಡ್ರು," ಎಂದೆ.

ಯಾಕೆ ಎಂದು ಕೇಳಿದರು. ನೀನು ಒಂದು ದಿನ ಕುಡಿದು, ಮರುದಿನ ಕುಡಿಯದೆ ಹತ್ತಿದ್ದನ್ನು ಹೇಳಿದೆ. ನನಗೆ ಕಂಡುಹಿಡಿಯಲಾಗಲಿಲ್ಲ ಎಂಬುದನ್ನೂ ಹೇಳಿದೆ. ಅದು ನನ್ನ ಕೆಲಸಕ್ಕೆ ಕುತ್ತಾಗಬಹುದು ಎಂದು ಗೊತ್ತಿತ್ತು. ಮ್ಯಾನೇಜರ್ ಕನ್ನಡಕ ಮತ್ತೆ ಹಾಕಿಕೊಂಡು, "ಹಾಗಾದ್ರೆ ಬೇಸರ ಆದ ಅಪ್ಪಂದಿರಿಗೆ ಏನು ಮಾಡೋದು?" ಎಂದರು. ವ್ಯಂಗ್ಯವಲ್ಲ, ನಿಜವಾಗಿಯೂ ಕೇಳಿದರು. "ಬ್ಯಾಗ್ ಇಡೋಕೆ ಒಂದು ಕೋಣೆ ಕಟ್ಟಿಸಿ ಸಾರ್. ಅವರ ಕೈ ಖಾಲಿ ಆದರೆ ಅವರೇ ಹತ್ತುತ್ತಾರೆ," ಎಂದೆ. ಒಬ್ಬರು ನಕ್ಕರು.

ಕೊಳದ ಪಕ್ಕದ ಮಳಿಗೆ ಮುಚ್ಚಿದೆ. ನನಗೆ ಮೂರು ತಿಂಗಳು ಕಂಬದ ಕಟ್ಟೆ ಬದಲು ತರಬೇತಿ ಕೆಲಸ ಎಂದು ಆದೇಶ ಬಂದಿದೆ, ಬೆಳಗಿನ ಖಾಲಿ ಸುತ್ತು ಮಾತ್ರ ನನಗೇ ಉಳಿಸಿದ್ದಾರೆ. ನ್ಯಾಯವೇ ಅನ್ನಿಸುತ್ತದೆ. ಹೊಸಬರಿಗೆ ಮೊದಲ ದಿನ ಹೇಳುವುದು ಇದು: ಪರಿಚಯದವರು ಬಂದರೆ ಪಕ್ಕದವರನ್ನು ಕರೆಯಿರಿ, ನೀವು ನೋಡಬೇಡಿ.

ನಿನ್ನ ಗತಿ ಏನು ಅಕ್ಕ? ಅದನ್ನು ಬರೆಯಲೇ ಇಲ್ಲ.

ನಿನ್ನ ತಮ್ಮ


ಆಗಸ್ಟ್ 2

ಗಿರಿಗಿಟ್ಲೆ,

ನನ್ನ ಗತಿ ಕೇಳಿದ್ದೆ. ಹಿಂದಿನ ಬೀದಿಯಲ್ಲಿ ಅಡುಗೆಯವನು ಒಂದು ಸಣ್ಣ ಮಳಿಗೆ ಹಿಡಿದಿದ್ದಾನೆ, ಊಟ ತಿಂಡಿ ಮಾತ್ರ. ಗಲ್ಲಾದಲ್ಲಿ ನಾನು ಕೂರುತ್ತೇನೆ, ಒಡೆಯ ಅವನು. ಮೊದಲ ದಿನವೇ ನನಗೆ "ಬೇಗ ಬನ್ನಿ" ಎಂದ. ಮಾಮ ಗ್ಲಾಸಿನ ಬದಲು ತಟ್ಟೆ ತೊಳೆಯುತ್ತಾರೆ, ತಟ್ಟೆ ಒಡೆಯುವುದಿಲ್ಲ ಎಂದು ಖುಷಿಯಾಗಿದ್ದಾರೆ. ಬಾರಿನ ಲೈಸೆನ್ಸನ್ನು ಸರ್ಕಾರಕ್ಕೆ ಒಪ್ಪಿಸಿದೆ. ಮೊದಲಿನ ಸಂಪಾದನೆಯಿಲ್ಲ. ಅಳುಕೂ ಇಲ್ಲ ಎಂದರೆ ಸುಳ್ಳಾಗುತ್ತದೆ.

ಬಾರಿನ ಕೊನೆಯ ದಿನ ಬೆಳಿಗ್ಗೆ ಡ್ರೈವರ್, ಮೇಷ್ಟ್ರು, ಟೈಲರ್ ಮೂವರನ್ನೂ ಮೊದಲ ಬಸ್ಸಿಗೆ ಹತ್ತಿಸಿಕೊಂಡು ನಿನ್ನ ಪಾರ್ಕಿಗೆ ಬಂದದ್ದನ್ನು ನೀನೇ ನೋಡಿದ್ದೀಯ. ನೀನು ದೂರ ನಿಂತು, ಆ ಹುಡುಗಿಗೆ ಪರೀಕ್ಷೆ ಬಿಟ್ಟುಕೊಟ್ಟದ್ದನ್ನು ನಾನೂ ನೋಡಿದೆ. ಯಾರೂ ಒಂದು ಹನಿ ಮುಟ್ಟಿರಲಿಲ್ಲ. "ಮುಟ್ಟಿದ್ರೆ ಬಸ್ಸಿಂದ ಇಳಿಸ್ತೀನಿ" ಎಂದಿದ್ದೆ. ನಾನು ಬರೆಯುವುದು ನಿನಗೆ ಕಾಣದ್ದನ್ನು.

ವಾಪಸ್ ಬಸ್ಸಿನಲ್ಲಿ ಅರ್ಧ ದಾರಿ ಬಂದಿದ್ದೆವು. ಡ್ರೈವರ್ ಕಿಟಕಿಯಾಚೆ ನೋಡುತ್ತ, "ಅಕ್ಕಾ, ತುದಿಯಿಂದ ಕಂಡಿದ್ದು ನಾನು ಮೂವತ್ತು ವರ್ಷ ಓಡಿಸಿರೋ ರಸ್ತೆ. ಅಷ್ಟು ದೂರ ಹೋಗುತ್ತೆ ಅಂತ ನನಗೆ ಯಾರೂ ಹೇಳಲೇ ಇಲ್ಲ," ಎಂದ. ಮೇಷ್ಟ್ರು, "ನೀನೇ ಓಡಿಸಿದ್ದಲ್ಲೋ, ದಡ್ಡ!" ಎಂದರು. ಹಾಗೆಂದವರು ತಾವೇ ಕಣ್ಣೊರೆಸಿಕೊಂಡರು. ಟೈಲರ್ ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತಿದ್ದ. ಏನಯ್ಯಾ ಎಂದರೆ, "ಪಕ್ಕದಲ್ಲಿ ಯಾರೋ ಚಿಕ್ಕ ಹುಡುಗ ಇದ್ದ. ಮೇಲೆ ಹೋದಾಗ ನನ್ನ ಕೈ ಹಿಡ್ಕೊಂಡ," ಎಂದ. ಬಸ್ಸಿಳಿದಾಗ ಮೇಷ್ಟ್ರು ಕೇಳಿದರು, "ನಾಳೆಯಿಂದ ನಮಗೆ 'ಸಾಕು, ಏಳಿ' ಅನ್ನೋರು ಯಾರಮ್ಮಾ?" ನಾನು ಬಾರಿನ ಬೀಗದ ಕೈ ತೆಗೆದೆ.

ಸಂಜೆ ಕೊನೆಯ ಸಲ ಬಾಗಿಲು ತೆರೆದೆ. ಮೂವರೂ ಅವರವರ ಜಾಗದಲ್ಲಿ ಕೂತರು. ಮೂರು ಗ್ಲಾಸು ತುಂಬಿ ಇಟ್ಟೆ, ನೊರೆ ಅಂಚಿನ ಮೇಲೆ ನಿಂತಿತ್ತು. ಡ್ರೈವರ್ ಶುರು ಮಾಡಿದ, ಮೇಷ್ಟ್ರು ಅಡ್ಡ ಬಂದರು, ಟೈಲರ್ ಇಬ್ಬರನ್ನೂ ಸುಮ್ಮನಿರಿಸಿ ತನ್ನದು ಹೇಳಿದ. ಮಾಮ ಒದ್ದೆ ಕೈಯಲ್ಲೇ ಬಂದು ನಿಂತರು. ತುದಿಯಲ್ಲಿ ಏನು ಕಂಡಿತು, ಯಾವ ಕಡೆ, ಎಷ್ಟು ದೂರ ಎಂದು ಕೈ ಎತ್ತಿ ಎತ್ತಿ ತೋರಿಸುತ್ತಿದ್ದರು. ನಾನು ಗಲ್ಲಾದಲ್ಲಿ ಕೂತು ನೋಡುತ್ತಿದ್ದೆ. ಮೂರೂ ಗ್ಲಾಸುಗಳ ನೊರೆ ನಿಧಾನವಾಗಿ ಇಳಿಯಿತು, ಗುಳ್ಳೆಗಳೂ ನಿಂತವು. ಈ ಬಾರಿನಲ್ಲಿ ತುಂಬಿದ ಗ್ಲಾಸಿನ ನೊರೆ ತಾನಾಗಿ ಇಳಿದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಅಕ್ಕ